ಚೈನ್ ಕೊಳ್ಳುವ ಮೊದಲು ನೆಲ ನೋಡಿ ಸ್ವಾಮಿ

ಮೊದಲೇ ಹೇಳಿಬಿಡ್ತೀನಿ, ಇದು ಜಗಳದ ಬರಹ. ಜಗಳ ಯಾರ ಜೊತೆ ಅಂದರೆ, ಫೋನ್ ತೆಗೆದು, 'ಬೆಸ್ಟ್' ಅಂತ ಹುಡುಕಿ, ನಕ್ಷತ್ರ ಎಣಿಸಿ, ಎರಡು ನಿಮಿಷದಲ್ಲಿ ಆರ್ಡರ್ ಒತ್ತಿ ಮಲಗುವ ಜಾಣರ ಜೊತೆ. ಅಂದರೆ ಕೆಲವು ವರ್ಷದ ಹಿಂದಿನ ನನ್ನ ಜೊತೆಗೂ ಹೌದು. ವಿಷಯ ಇಷ್ಟೇ: ಹಿಮ ತಳ್ಳುವ ಎಟಿವಿಯ ಟೈರಿಗೆ ಯಾವ ಚೈನ್ ಕಟ್ಟಬೇಕು?

ಬೆಂಗಳೂರಲ್ಲಿ ಕೂತು ಓದ್ತಿರೋರಿಗೆ ನಗು ಬರಬಹುದು. ಇಲ್ಲಿ ಮಳೆ ಬಂದರೆ ಅಂಡರ್‌ಪಾಸ್ ತುಂಬುತ್ತೆ, ಹಿಮದ ಮಾತು ಯಾಕೆ ಅಂತ. ಸ್ವಲ್ಪ ತಾಳಿ. ನಾನಿರೋದು ಅಮೆರಿಕದ ಮಿನೆಸೋಟಾ ರಾಜ್ಯದ ಡುಲೂತ್ ಊರಿನ ಹೊರವಲಯದಲ್ಲಿ. ಲೇಕ್ ಸುಪೀರಿಯರ್ ಅನ್ನೋ ಸಮುದ್ರದಂಥ ಕೆರೆಯ ದಂಡೆಯಿಂದ ಊರು ಗುಡ್ಡ ಹತ್ತುತ್ತಾ ಹೋಗುತ್ತೆ. ಯಾವ ಬೀದಿಗೆ ಹೋದರೂ ಒಂದೋ ಏರು, ಇಲ್ಲವೋ ಇಳಿಜಾರು. 2022-23ರ ಚಳಿಗಾಲದಲ್ಲಿ ಇಲ್ಲಿ ಬಿದ್ದ ಹಿಮ 140 ಇಂಚು. ಹತ್ತಿರ ಹತ್ತಿರ ಹನ್ನೆರಡು ಅಡಿ. ಈ ಊರಿನ ದಾಖಲೆ ಅದು. ನಮ್ಮ ಮನೆಯಿಂದ ರಸ್ತೆಗೆ ಇನ್ನೂರೈವತ್ತು ಅಡಿ ಜಲ್ಲಿ ಹಾದಿ, ಕೊನೆಯ ಅರವತ್ತು ಅಡಿ ಚೆನ್ನಾಗಿಯೇ ಇಳಿಜಾರು. ಸಲಿಕೆ ಹಿಡಿದು ತೆಗೆಯುವ ಮಾತೇ ಇಲ್ಲ. ಹಾಗಾಗಿ ಎಟಿವಿ ತಗೊಂಡೆ. ಸಕಲೇಶಪುರ, ಚಿಕ್ಕಮಗಳೂರು ಕಡೆಯ ರೆಸಾರ್ಟುಗಳಲ್ಲಿ ದುಡ್ಡು ಕೊಟ್ಟು ಎರಡು ಸುತ್ತು ಹೊಡೆದು ಫೋಟೋ ಹಾಕ್ತೀರಲ್ಲ, ಅದೇ ನಾಲ್ಕು ಚಕ್ರದ ಬೈಕು. ಮುಂದೆ ಐದಡಿಯ ಬ್ಲೇಡ್ ಕಟ್ಟಿದರೆ ಹಿಮ ತಳ್ಳುತ್ತೆ. ಟೈರು ಜಾರದೇ ಇದ್ದರೆ.

ಜಾರಿತು. ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ನಮ್ಮವರದೇ ಗುಂಪು, ಎಲ್ಲರೂ ಇಂಜಿನಿಯರುಗಳು. ಮೂರು ನಿಮಿಷದಲ್ಲಿ ಐದು ಲಿಂಕು ಬಂತು. 'ಇದು ಟಾಪ್ ಸೆಲ್ಲರ್ ಗುರು', 'ಕಣ್ಣುಮುಚ್ಚಿ ತಗೋ', 'ಮುಂದಿನ ಚಕ್ರಕ್ಕೆ ಹಾಕು, ಸ್ಟೀರಿಂಗ್ ಚೆನ್ನಾಗಿರುತ್ತೆ'. ಒಬ್ಬನೂ ಕೇಳಲಿಲ್ಲ, ನಿನ್ನ ಹಾದಿ ಹೇಗಿದೆ ಅಂತ. ನಾನೂ ಹೇಳಲಿಲ್ಲ. ನಾಲ್ಕೂವರೆ ನಕ್ಷತ್ರ ಇದ್ದ, ಅಗ್ಗದ, ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ಸರಪಳಿ ಇರುವ ಒಂದು ಜೊತೆ ಚೈನ್ ಬಂತು. ಮುಂದಿನ ಎರಡು ಚಕ್ರಕ್ಕೆ ಕಟ್ಟಿದೆ. ಸಡಿಲ ಇದೆ ಅನ್ನಿಸಿತು. ನಡೆಯುತ್ತೆ ಬಿಡು ಅಂದುಕೊಂಡೆ.

ಅದೇ ಚಳಿಗಾಲದ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ಹಿಂದಿನ ಮಧ್ಯಾಹ್ನದ ಬಿಸಿಲಿಗೆ ಕರಗಿದ ನೀರು ರಾತ್ರಿ ಗಾಜಿನ ಹಾಗೆ ಗಟ್ಟಿಯಾಗಿ, ಮೇಲೆ ಆರಿಂಚು ಹೊಸ ಹಿಮ ಕೂತಿತ್ತು. ನೋಡೋಕೆ ಮೆತ್ತಗೆ ಹತ್ತಿ ಹಾಸಿದ ಹಾಗೆ. ಏಳು ವರ್ಷದ ಮಗಳು ಕೆಳಗೆ ರಸ್ತೆ ಪಕ್ಕದ ಅಂಚೆ ಡಬ್ಬಿ ಹತ್ತಿರ ಸ್ಕೂಲ್ ಬಸ್ಸಿಗೆ ಕಾಯ್ತಾ ನಿಂತಿದ್ದಳು. ನಾನು ಮೇಲಿಂದ ಹಿಮ ತಳ್ಳಿಕೊಂಡು ಬಂದೆ. ಇಳಿಜಾರು ಶುರುವಾಗುವ ಕಡೆ ಬ್ರೇಕ್ ಹಿಡಿದೆ. ಮುಂದಿನ ಚಕ್ರ ಕಚ್ಚಿಕೊಂಡವು, ಹಿಂದಿನವು ಕಚ್ಚಲಿಲ್ಲ. ಗಾಡಿಯ ಹಿಂಭಾಗ ಸುಯ್ಯನೆ ತಿರುಗಿತು. ಅಡ್ಡಡ್ಡವಾಗಿ ಅರವತ್ತಡಿ ಜಾರಿದೆ. ಬ್ರೇಕು, ಹ್ಯಾಂಡಲ್ಲು, ನಾಲ್ಕು ವರ್ಷದ ಬಿಇ, ಯಾವುದೂ ಉಪಯೋಗಕ್ಕೆ ಬರಲಿಲ್ಲ. 'ಸರಿ ಪುಟ್ಟಾ, ಸರೀ' ಅಂತ ಕೂಗಿದ್ದು ನೆನಪಿದೆ. ಅಂಚೆ ಡಬ್ಬಿಯ ಕಂಬ ಮುರಿದು, ಹಿಮದ ದಿಣ್ಣೆಗೆ ಗುದ್ದಿ ಗಾಡಿ ನಿಂತಿತು. ಮಗಳು ಆರಡಿ ಆಚೆ ನಿಂತಿದ್ದಳು. ಅಳಲಿಲ್ಲ. 'ಅಪ್ಪಾ, ಯಾಕೆ ನಿಲ್ಲಿಸಲಿಲ್ಲ?' ಅಂದಳು.

ನಿಲ್ಲಿಸೋಕೆ ಆಗಲಿಲ್ಲ ಮಗಳೇ. ಯಾಕೆ ಆಗಲಿಲ್ಲ ಅನ್ನೋದಕ್ಕೇ ಈ ಬರಹ.

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ನನ್ನ ಸೋದರಮಾವ ಕೊಪ್ಪದ ಕಡೆ ಬಹಳ ವರ್ಷ ಜೀಪು ಓಡಿಸಿದವರು. ಮಲೆನಾಡಿನ ಜುಲೈ ತಿಂಗಳ ಕೆಸರು ನೋಡಿದವರಿಗೆ ಗೊತ್ತು, ಅಲ್ಲಿ ಟೈರಿಗೆ ಚೈನ್ ಕಟ್ಟದೆ ಎಸ್ಟೇಟಿನ ಏರು ಹತ್ತೋಕಾಗಲ್ಲ. ಚಿಕ್ಕವನಿದ್ದಾಗ ಆ ಚೈನಿನ ಝಣಝಣ ಕೇಳಿದರೆ ಜೀಪು ಬಂತು ಅಂತ ಓಡ್ತಿದ್ವಿ. ಹಿಮ ಅನ್ನೋದನ್ನ ಮಾವ ಟಿವಿಯಲ್ಲಿ ಬಿಟ್ಟು ಎಲ್ಲೂ ನೋಡಿಲ್ಲ. ನಾನು ಕೊಂಡ ಚೈನಿನ ವರ್ಣನೆ ಶುರು ಮಾಡಿದೆ. ಅವರು ಅರ್ಧಕ್ಕೇ ತಡೆದರು.

'ಚೈನಿನ ಕತೆ ಆಮೇಲೆ ಹೇಳು. ಅಡೀಲಿ ಎಂತ ಇದೆ?'

'ಹಿಮ, ಮಾವ.'

'ಹಿಮದ ಅಡೀಲಿ ಮಾರಾಯ. ಕಲ್ಲಾ, ಮಣ್ಣಾ, ಟಾರಾ? ಜಾರು ಎಲ್ಲಿ ಶುರುವಾಗ್ತದೆ? ಗಾಡಿಯಿಂದ ಇಳಿದು ನೋಡಿದ್ಯಾ?'

ನೋಡಿರಲಿಲ್ಲ. ಐದು ಚಳಿಗಾಲ ಅದೇ ಮನೆಯಲ್ಲಿದ್ದೆ, ಅಡಿಗೆ ಏನಿದೆ ಅಂತ ಬಗ್ಗಿ ನೋಡಿರಲಿಲ್ಲ. ಡೇಟಾ ಏನು ಅಂತ ಕೇಳದೆ ಡೇಟಾಬೇಸ್ ಆರಿಸಿದ ಜೂನಿಯರ್‌ಗೆ ನಾನೇ ಮೀಟಿಂಗಿನಲ್ಲಿ ಕ್ಲಾಸ್ ತಗೊಂಡವನು. ಮನೆಯಲ್ಲಿ ಮಾಡಿದ್ದು ಅದನ್ನೇ.

ಇದೇ ನನ್ನ ವಾದ: ಚೈನನ್ನ ಆರಿಸೋದು ಬೀಳುವ ಹಿಮವಲ್ಲ, ಅಂಗಡಿಯ ನಕ್ಷತ್ರವಲ್ಲ, ಗಾಡಿಯ ಸಿಸಿಯಂತೂ ಅಲ್ಲವೇ ಅಲ್ಲ. ಹಿಮದ ಅಡಿಯ ನೆಲ. ಐದು ನಕ್ಷತ್ರ ಕೊಟ್ಟವನು ಸುಳ್ಳು ಹೇಳ್ತಿಲ್ಲ. ಅವನು ಅವನ ಅಂಗಳಕ್ಕೆ ಕೊಟ್ಟಿದ್ದಾನೆ. ಅವನದು ಸಪಾಟು ಕಾಂಕ್ರೀಟು ಇರಬಹುದು. ಅಂಥ ಸಾವಿರ ಅಂಗಳಗಳ ಸರಾಸರಿ ತೆಗೆದರೆ ನಿಮ್ಮ ಅಂಗಳ ಆಗಲ್ಲ.

ಮೊದಲು ದೊಡ್ಡ ಇಂಜಿನ್ನಿನ ಭ್ರಮೆ ಬಿಡಿಸೋಣ. ಗುಂಪಿನಲ್ಲಿ ಒಬ್ಬ ಹೇಳಿದ್ದು, '500 ಸಿಸಿ ಸಾಕಾಗಲ್ಲ, 850 ತಗೋ'. ಪಿಯುಸಿ ಭೌತಶಾಸ್ತ್ರ ನೆನಪು ಮಾಡಿಕೊಳ್ಳಿ. ಚಕ್ರ ನೆಲವನ್ನು ಎಷ್ಟು ಬಲವಾಗಿ ತಳ್ಳಬಹುದು ಅನ್ನೋದು ಘರ್ಷಣೆಯ ಗುಣಾಂಕ ಗುಣಿಸು ಚಕ್ರದ ಮೇಲಿನ ಭಾರ. ಗಾಡಿ, ಬ್ಲೇಡು, ನಾನು ಎಲ್ಲಾ ಸೇರಿ ಸುಮಾರು 400 ಕೆಜಿ ಅಂತಿಟ್ಟುಕೊಳ್ಳಿ. ಒದ್ದೆ ಮಂಜುಗಡ್ಡೆಯ ಮೇಲೆ ಗುಣಾಂಕ 0.1ರ ಆಸುಪಾಸು ಅಂದುಕೊಂಡರೆ, ನಾಲ್ಕೂ ಚಕ್ರ ಸೇರಿ ತಳ್ಳಬಹುದಾದದ್ದು 40 ಕೆಜಿ ಬಲ. ಈಗ ಹತ್ತಡಿಗೆ ಒಂದಡಿ ಏರುವ ಇಳಿಜಾರಿಗೆ ಬನ್ನಿ. ಅಲ್ಲಿ ಗುರುತ್ವವೇ ಗಾಡಿಯನ್ನು ಕೆಳಕ್ಕೆ ಎಳೆಯುವ ಬಲ 40 ಕೆಜಿ. ಉಳಿದದ್ದು ಸೊನ್ನೆ. ಆ ಸೊನ್ನೆಯಲ್ಲಿ ನಾನು ಹಿಮವನ್ನೂ ತಳ್ಳಬೇಕು, ಬ್ರೇಕೂ ಹಿಡಿಯಬೇಕು. ಈ ಲೆಕ್ಕದಲ್ಲಿ ಸಿಸಿ ಎಲ್ಲಿ ಬಂತು, ತೋರಿಸಿ. ದೊಡ್ಡ ಇಂಜಿನ್ನು ಅಂದರೆ ಅದೇ ಜಾಗದಲ್ಲಿ ಚಕ್ರ ಇನ್ನೂ ಜೋರಾಗಿ ತಿರುಗುತ್ತೆ, ಅಷ್ಟೇ. ಬದಲಾಗಬೇಕಾದ್ದು ಆ 0.1. ಚೈನು ಕಟ್ಟಿದ ಚಕ್ರಕ್ಕೆ ಅದು 0.3 ಆಯಿತು ಅಂತಿಟ್ಟುಕೊಂಡರೂ ಬಲ ಮೂರು ಪಟ್ಟು. ಅದಕ್ಕಿಂತ ಹೆಚ್ಚು ಬೇಕಾದರೆ ಹಿಂದಿನ ಕ್ಯಾರಿಯರಿಗೆ ಅದು ತಾಳುವಷ್ಟು ಮರಳಿನ ಮೂಟೆ ಕಟ್ಟಿ.

ಇನ್ನೊಂದು ತಮಾಷೆ. ಚಳಿ ಜಾಸ್ತಿ ಆದಷ್ಟೂ ಜಾರು ಜಾಸ್ತಿ ಅಂತ ನಾವು ದಕ್ಷಿಣದವರು ತಿಳಿದಿರ್ತೀವಿ. ಉಲ್ಟಾ. ಸೊನ್ನೆಗಿಂತ 25 ಡಿಗ್ರಿ ಕೆಳಗಿದ್ದಾಗ ಮಂಜುಗಡ್ಡೆ ಒಣಗಿರುತ್ತೆ, ಟೈರಿಗೆ ತಕ್ಕಮಟ್ಟಿಗೆ ಹಿಡಿತ ಸಿಗುತ್ತೆ. ಸೊನ್ನೆಯ ಹತ್ತಿರ ಬಂದಾಗಲೇ ಅದರ ಮೇಲ್ಪದರ ಒದ್ದೆಯಾಗಿ ಸೋಪು ಹಚ್ಚಿದ ಹಾಗಾಗೋದು. ಅಂದರೆ ಚೈನು ಬಹಳ ಬೇಕಾಗೋದು ಜನವರಿಯ ಕೊರೆಯುವ ಚಳಿಯಲ್ಲಲ್ಲ. ಹಗಲು ಕರಗಿ ರಾತ್ರಿ ಕಟ್ಟುವ ನವೆಂಬರ್, ಮಾರ್ಚ್ ತಿಂಗಳುಗಳಲ್ಲಿ. ಮಾರ್ಚ್ ಬಂತು ಅಂತ ಚೈನು ಬಿಚ್ಚಿ ಗ್ಯಾರೇಜಿನಲ್ಲಿ ನೇತುಹಾಕುವವರು ದಯವಿಟ್ಟು ನನ್ನ ಅಂಚೆ ಡಬ್ಬಿಯನ್ನ ನೆನೆಸಿಕೊಳ್ಳಿ.

ಈಗ ನೆಲದ ಲೆಕ್ಕಕ್ಕೆ ಚೈನು ಹೊಂದಿಸೋಣ. ಅಂಗಡಿಯಲ್ಲಿ ಹೆಸರು ಬೇಕಾದಷ್ಟಿವೆ, ಕೇಳಬೇಕಾದ್ದು ಮೂರೇ.

ಮೊದಲನೇದು, ಅಡ್ಡ ಸರಪಳಿಗಳು ಎಷ್ಟು ಹತ್ತಿರ ಇವೆ? ಪಕ್ಕದ ಸರಪಳಿಯ ಎರಡು ಕೊಂಡಿಗೊಂದು ಅಡ್ಡ ಸರಪಳಿ ಇರೋದು ಒಂದು ಬಗೆ, ನಾಲ್ಕು ಕೊಂಡಿಗೊಂದು ಇನ್ನೊಂದು. ನಾಲ್ಕು ಕೊಂಡಿಯದು ಹಗುರ, ಅಗ್ಗ. ನಕ್ಷತ್ರವೂ ಬೇಜಾನ್. ಆದರೆ ಎರಡು ಸರಪಳಿಯ ನಡುವಿನ ಜಾಗದಲ್ಲಿ ನೆಲ ಮುಟ್ಟೋದು ಬರೀ ರಬ್ಬರು. ಇಳಿಜಾರಿನಲ್ಲಿ ಚಕ್ರ ನಿಂತ ಕ್ಷಣಕ್ಕೆ ಆ ಖಾಲಿ ಜಾಗವೇ ಕೆಳಗಿದ್ದರೆ, ನೀವು ದುಡ್ಡು ಕೊಟ್ಟು ತಂದ ಕಬ್ಬಿಣ ಮೇಲೆ ಆಕಾಶ ನೋಡ್ತಾ ಕೂತಿರುತ್ತೆ. ಸಪಾಟು ಅಂಗಳಕ್ಕೆ ಸರಿ, ಇಳಿಜಾರಿಗೆ ಎರಡು ಕೊಂಡಿಯದೇ ಬೇಕು. ಅಡ್ಡಡ್ಡ ಜಾರುವ ಭಯ ಇರುವ ಕಡೆ ಕರ್ಣರೇಖೆಯಲ್ಲಿ ಹೆಣೆದ, ಬಲೆಯ ಹಾಗಿರುವ ಚೈನು ಇನ್ನೂ ಒಳ್ಳೇದು. ಏಣಿಯ ಚೈನು ಮುಂದಕ್ಕೆ ಹಿಂದಕ್ಕೆ ಹಿಡಿಯುತ್ತೆ, ಪಕ್ಕಕ್ಕೆ ಅಷ್ಟು ಹಿಡಿಯಲ್ಲ. ಇದನ್ನ ನಾನು ಅರವತ್ತಡಿ ಅಡ್ಡಡ್ಡ ಜಾರಿ ಕಲಿತೆ.

ಎರಡನೇದು, ಹಲ್ಲು ಬೇಕೋ ಬೇಡವೋ? ವಿ-ಬಾರ್ ಅನ್ನೋ ಚೈನಿನಲ್ಲಿ ಅಡ್ಡ ಕೊಂಡಿಗಳ ಮೇಲೆ ವಿ ಆಕಾರದ ಉಕ್ಕಿನ ತುಂಡು ಬೆಸೆದಿರ್ತಾರೆ. ಗಟ್ಟಿ ಮಂಜನ್ನ ಬೆಕ್ಕಿನ ಉಗುರಿನ ಹಾಗೆ ಕಚ್ಚುತ್ತೆ. ನನ್ನ ಜಲ್ಲಿ ಇಳಿಜಾರಿಗೆ ಅದೇ ಬೇಕಿತ್ತು. ಆದರೆ ಅದನ್ನ ಕಾಂಕ್ರೀಟು ಅಥವಾ ಟಾರಿನ ಮೇಲೆ ಓಡಿಸಿದರೆ ನೆಲದ ಮೇಲೆ ಗೀರು ಬೀಳುತ್ತೆ, ಚೈನೂ ಸವೆಯುತ್ತೆ. ಗದ್ದೆಗೆ ಇಳಿಯುವ ಟ್ರ್ಯಾಕ್ಟರಿನ ಕೇಜ್ ವೀಲ್ ಗೊತ್ತಲ್ಲ? ಕೆಸರಿನಲ್ಲಿ ಅದೇ ರಾಜ. ಅದನ್ನೇ ಟಾರು ರಸ್ತೆಗೆ ಹತ್ತಿಸಿ ನೋಡಿ, ಊರಿಗೆ ಊರೇ ಬೈಯುತ್ತೆ. ಟಾರಿನ ಅಂಗಳ ಇದ್ದವರು ಬೋಳು ಕೊಂಡಿಯ ಚೈನೋ, ರಬ್ಬರಿನ ಬಗೆಯದೋ ತಗೊಳ್ಳಿ. 'ಎಲ್ಲಕ್ಕಿಂತ ಸ್ಟ್ರಾಂಗ್ ಯಾವುದೋ ಅದು ಕೊಡಿ' ಅನ್ನೋದು ಜ್ವರಕ್ಕೆ ಅತೀ ಸ್ಟ್ರಾಂಗ್ ಮಾತ್ರೆ ಕೇಳುವ ರೋಗಿಯ ಮಾತು.

ಜಲ್ಲಿ ಹಾದಿಯವರಿಗೆ ಇನ್ನೊಂದು ಮಾತು. ನೆಲ ಹೆಪ್ಪುಗಟ್ಟುವ ಮೊದಲೇ ಹಲ್ಲಿನ ಚೈನು ಹಾಕಿ, ಬ್ಲೇಡನ್ನ ನೆಲಕ್ಕೆ ಒತ್ತಿ ಓಡಿಸಿದರೆ ಹಿಮದ ಜೊತೆ ಜಲ್ಲಿಯೂ ಹೋಗುತ್ತೆ. ಏಪ್ರಿಲ್‌ನಲ್ಲಿ ಹುಲ್ಲಿನ ಮೇಲಿಂದ ಕಲ್ಲು ಆರಿಸಬೇಕಾಗುತ್ತೆ. ಮೊದಲ ಹಿಮವನ್ನ ಪೂರ್ತಿ ತೆಗೀಬೇಡಿ. ಬ್ಲೇಡಿನ ಕೆಳಗಿನ ಪಾದವನ್ನ ಸ್ವಲ್ಪ ಇಳಿಸಿ, ಒಂದೆರಡು ಇಂಚು ಬಿಟ್ಟು, ಓಡಾಡಿ ಗಟ್ಟಿ ಮಾಡಿ. ಅದೇ ಆ ಚಳಿಗಾಲದ ನೆಲ. ಚೈನು ಕಚ್ಚಬೇಕಾದ್ದು ಅದನ್ನ.

ಮೂರನೇದು, ನಿಮ್ಮ ಟೈರಿಗೆ ಅದು ಕೂರುತ್ತಾ? ಟೈರಿನ ಪಕ್ಕದಲ್ಲಿ 25×8-12 ಅಂತ ಬರೆದಿರುತ್ತೆ. 25 ಇಂಚು ಎತ್ತರ, 8 ಇಂಚು ಅಗಲ, 12 ಇಂಚಿನ ರಿಮ್ಮು. ಎಷ್ಟೋ ಗಾಡಿಗಳಲ್ಲಿ ಹಿಂದಿನದು 25×10-12, ಅಂದರೆ ಮುಂದಿನ ಚೈನು ಹಿಂದಕ್ಕೆ ಆಗಲ್ಲ. ಆ ನಂಬರನ್ನೂ ಪೂರ್ತಿ ನಂಬಬೇಡಿ. ಒಂದೇ ನಂಬರಿನ ಎರಡು ಟೈರಲ್ಲಿ ಒಂದರ ಬಟನ್ನು ಗಿಡ್ಡ, ಇನ್ನೊಂದರದು ಎತ್ತರ. ಕೆಸರಿಗೆ ಅಂತ ಮಾಡಿದ ಎತ್ತರದ ಬಟನ್ ಟೈರಿನಲ್ಲಿ ಅಡ್ಡ ಸರಪಳಿ ಎರಡು ಬಟನ್ನಿನ ನಡುವಿನ ಸಂದಿಗೆ ಬಿದ್ದು ಕೂತುಬಿಡುತ್ತೆ. ಹೊರಗೆ ಚೈನು ಕಾಣುತ್ತೆ, ನೆಲಕ್ಕೆ ತಾಗಲ್ಲ. ಸೀರೆ ಅಂಗಡಿಯ ಬೊಂಬೆಗೆ ಹಾಕಿದ ಒಡವೆ ಹಾಗೆ. ಟೇಪು ಹಿಡಿದು ಮಂಡಿಯೂರಿ ಅಳೀರಿ. ಹಾಗೇ ಒಳಗೆ ಕೈ ಹಾಕಿ ನೋಡಿ, ಬ್ರೇಕಿನ ಪೈಪು, ಸ್ಟೀರಿಂಗ್ ರಾಡು, ಮಡ್‌ಗಾರ್ಡು ಟೈರಿನಿಂದ ಎಷ್ಟು ದೂರ ಇವೆ ಅಂತ. ಹ್ಯಾಂಡಲ್ಲನ್ನ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಸಡಿಲ ಚೈನು ಸುತ್ತುತ್ತಾ ಬ್ರೇಕಿನ ಪೈಪಿಗೆ ಬಾರುಕೋಲಿನ ಹಾಗೆ ಬಡಿಯುತ್ತೆ. ನಂದು ಬಡಿದಿತ್ತು. ಪೈಪು ಹರಿದಿರಲಿಲ್ಲ, ಗಾಯ ಆಗಿತ್ತು. ಅದನ್ನ ಕಂಡಾಗ ಹೊಟ್ಟೆ ತಣ್ಣಗಾಯಿತು.

ಅದಕ್ಕೇ, ಕಟ್ಟಿದ ಮೇಲೆ ನೂರಡಿ ಓಡಿಸಿ, ಇಳಿದು, ಮತ್ತೆ ಬಿಗಿ ಮಾಡಿ. ಮೊದಲ ಬಿಗಿ ಯಾವತ್ತೂ ಸುಳ್ಳು. ಮಾವ ಇದನ್ನ ಜೀಪಿಗೆ ಹೇಳಿದ್ದು, ಎಟಿವಿಗೂ ಅಷ್ಟೇ ನಿಜ.

ಇನ್ನು ಯಾವ ಚಕ್ರಕ್ಕೆ ಅನ್ನೋ ಯುದ್ಧ. ಮುಂದಕ್ಕೆ ಹಾಕು ಅನ್ನುವವರ ವಾದ ಕೇಳೋಕೆ ಚೆನ್ನಾಗಿದೆ: ತಿರುಗೋದು ಮುಂದಿನ ಚಕ್ರ, ಹಾಗಾಗಿ ಹಿಡಿತ ಅಲ್ಲಿರಲಿ. ಸಪಾಟು ನೆಲದಲ್ಲಿ ಅರ್ಧ ಸತ್ಯ. ಇಳಿಜಾರಿನಲ್ಲಿ ಅಪಾಯ. ಮುಂದೆ ಹಿಡಿತ ಹೆಚ್ಚು, ಹಿಂದೆ ಕಡಿಮೆ ಅಂದರೆ, ಬ್ರೇಕ್ ಹಿಡಿದಾಗ ಮುಂದಿನದು ನಿಧಾನ ಆಗುತ್ತೆ, ಹಿಂದಿನದು ಅದನ್ನ ದಾಟಿ ಹೋಗೋಕೆ ನೋಡುತ್ತೆ. ಗಾಡಿ ತಿರುಗೋದು ಹಾಗೆ. ಇನ್ನೂ ಒಂದು ಇದೆ. ಕೆಲವು ಮಾದರಿಗಳಲ್ಲಿ ಹಿಂದಿನ ಚಕ್ರ ಜಾರಿದಾಗ ಮಾತ್ರ ಮುಂದಿನದಕ್ಕೆ ಶಕ್ತಿ ಹೋಗುತ್ತೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ ಹಿಡಿಯುವ ಬ್ರೇಕು ಬರೋದು ಹಿಂದಿನ ಎರಡಕ್ಕೆ ಮಾತ್ರ. ಅಲ್ಲೇ ಚೈನಿಲ್ಲ ಅಂದರೆ? ಒಂದೇ ಜೊತೆ ಕೊಳ್ಳುವ ಶಕ್ತಿ ಇದ್ದರೆ ಹಿಂದಕ್ಕೆ ಕಟ್ಟಿ. ಮುಂದಿನ ಚಕ್ರ ನೆಟ್ಟಗೆ ಹೋಗುತ್ತೆ, ತಿರುಗಲ್ಲ ಅಂತ ಬೈದುಕೊಳ್ತೀರಿ, ಆದರೆ ಗಾಡಿ ಬೆನ್ನು ತಿರುಗಿಸಿ ನಿಮ್ಮನ್ನ ಕೆಳಗೆ ಒಯ್ಯಲ್ಲ. ಇಳಿಜಾರೂ ಇದೆ, ಜಾಗವೂ ಸಾಕಷ್ಟಿದೆ ಅಂದರೆ ನಾಲ್ಕಕ್ಕೂ ಕಟ್ಟಿ. ಕಟ್ಟಿದ ಮೇಲೆ ಲೋ ಗೇರಿನಲ್ಲಿ, ಮನುಷ್ಯ ಬಿರುಸಾಗಿ ನಡೆಯುವ ವೇಗದಲ್ಲಿ ಓಡಿಸಿ. ಚೈನು ಹಾಕಿದ್ದೀನಿ ಅಂತ ಧೈರ್ಯ ಬಂದರೆ ಚೈನು ಹಾಕಿಯೂ ಪ್ರಯೋಜನ ಇಲ್ಲ.

'ಇಷ್ಟೆಲ್ಲಾ ಯಾಕೆ, ಕಾಂಟ್ರಾಕ್ಟ್ ಕೊಟ್ಟುಬಿಡು' ಅಂದ ಗೆಳೆಯರಿದ್ದಾರೆ. ಕೊಡಿ, ತಪ್ಪೇನಿಲ್ಲ. ಬರುವವನು ನೆಲ ನೋಡಿಯೇ ಬಂದಿರ್ತಾನೆ, ಅದು ಅವನ ಹೊಟ್ಟೆಪಾಡು. ಸ್ನೋ ಬ್ಲೋವರ್ ವಾಸಿ ಅಂದವರ ಮಾತೂ ನ್ಯಾಯವೇ. ಫೆಬ್ರವರಿ ಹೊತ್ತಿಗೆ ಪಕ್ಕದ ದಿಣ್ಣೆಗಳು ಎದೆಯೆತ್ತರ ಆದಾಗ ಬ್ಲೇಡು ಹಿಮವನ್ನ ತಳ್ಳೋದಾದರೂ ಎಲ್ಲಿಗೆ? ಸಾರ್ವಜನಿಕ ರಸ್ತೆಗೆ ತಳ್ಳೋದು ಇಲ್ಲಿ ಕಾನೂನಿಗೆ ವಿರುದ್ಧ. ನನ್ನ ತಕರಾರು ಇವರ ಮೇಲಲ್ಲ. ಉಪಕರಣ ತರ್ತೀನಿ, ಓಡಿಸ್ತೀನಿ, ಆದರೆ ಬಗ್ಗಿ ನೋಡಲ್ಲ ಅನ್ನೋರ ಮೇಲೆ. ಓದಿದವರಿಗೆ ಬಗ್ಗೋದು ಅವಮಾನ ಅನ್ನೋ ರೋಗ ಯಾವಾಗ ಅಂಟಿತೋ ಗೊತ್ತಿಲ್ಲ. ಊರಿನಲ್ಲಿ ಇದ್ದಾಗ ನಂಗೂ ಇರಲಿಲ್ಲ.

ಟೈರಿನ ಚೈನಿಗೆ 1904ರಲ್ಲಿ ಪೇಟೆಂಟ್ ಪಡೆದವನು ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್ ಅನ್ನುವಾತ. ಆ ಕಾಲದ ಕಾರಿನವರು ಕೆಸರಿನಲ್ಲಿ ಹೂತಾಗ ಟೈರಿಗೆ ಹಗ್ಗ, ಬಳ್ಳಿ ಸುತ್ತೋದನ್ನ ನೋಡಿ ಅವನಿಗೆ ಇದು ಹೊಳೆಯಿತು ಅಂತ ಹೇಳ್ತಾರೆ. ಅವರಿಗೆ ಯಾರೂ ನಕ್ಷತ್ರ ಕೊಟ್ಟು ದಾರಿ ತೋರಿಸಿರಲಿಲ್ಲ. ಕೆಳಗಿಳಿದರು, ಕೆಸರು ನೋಡಿದರು, ಕೈಗೆ ಸಿಕ್ಕಿದ್ದನ್ನ ಸುತ್ತಿದರು.

ಈಗ ನನ್ನ ಗಾಡಿಯ ನಾಲ್ಕೂ ಚಕ್ರಕ್ಕೆ ಎರಡು ಕೊಂಡಿಯ ವಿ-ಬಾರ್ ಇದೆ. ಇದನ್ನ ಓದಿ ನೀವೂ ಅದನ್ನೇ ಆರ್ಡರ್ ಮಾಡಿದರೆ ನಾನು ಬರೆದದ್ದು ದಂಡ. ಅದು ನನ್ನ ನೆಲದ ಉತ್ತರ. ಪ್ರತಿ ಸಲ ಹಿಮ ಬಿದ್ದ ಬೆಳಿಗ್ಗೆ, ಇಂಜಿನ್ ಶುರು ಮಾಡೋ ಮೊದಲು ಬೂಟಿನ ಹಿಮ್ಮಡಿಯಿಂದ ಇಳಿಜಾರಿನ ಮೇಲಿನ ಹಿಮ ಸರಿಸಿ ಕೆಳಗೆ ಏನಿದೆ ನೋಡ್ತೀನಿ. ಮಂಜುಗಡ್ಡೆ ಇದ್ದರೆ ಮೊದಲು ಮರಳು ಎರಚ್ತೀನಿ, ಆಮೇಲೆ ಗಾಡಿ. ಮಗಳು ಅಂಚೆ ಡಬ್ಬಿ ಹತ್ತಿರ ಕಾಯೋದಿಲ್ಲ ಈಗ, ಬಸ್ಸು ಬರುವ ತನಕ ಮೇಲೆ ವರಾಂಡದಲ್ಲೇ ನಿಂತಿರ್ತಾಳೆ. 'ಅಪ್ಪಾ, ಅಡೀಲಿ ಎಂತ ಇದೆ?' ಅಂತ ಅಲ್ಲಿಂದಲೇ ಕೂಗ್ತಾಳೆ. ಪ್ರಶ್ನೆ ಮಾವನದು. ನೋಡಿ ಹೇಳೋದು ನನ್ನ ಕೆಲಸ.